ಹಲ್ಲಿನ ಇಂಜಿನಿಯರ್: ಜಿ.ವಿ. ಬ್ಲ್ಯಾಕ್

ಕಳೆದ ಸಂಕ್ರಾಂತಿಗೆ ನಾವು ಆರು ಜನ ಕಂಪ್ಲಿಯ ಗೆಳೆಯನ ಮನೆಗೆ ಹೋಗಿದ್ವಿ. ಊಟ ಮುಗಿಸಿ ಗದ್ದೆ ಬದುವಿನ ಮೇಲೆ ಕೂತು ಕಬ್ಬು ಸಿಗಿದು ತಿನ್ನೋದು ಅಂದ್ರೆ ಯಾರಿಗೆ ಬೇಡ? ಎರಡನೇ ಗಣ್ಣಿಗೆ ಬರುವಷ್ಟರಲ್ಲಿ ನಮ್ಮ ಮೆಕ್ಯಾನಿಕಲ್ ಬ್ರಾಂಚಿನ ಗೆಳೆಯ ಕೆನ್ನೆ ಹಿಡ್ಕೊಂಡು ಕೂತುಬಿಟ್ಟ. ದವಡೆ ಹಲ್ಲಿಗೆ ಹಾಕಿಸಿದ್ದ ಸಿಮೆಂಟು ಕಬ್ಬಿನ ಸಿಪ್ಪೆ ಜೊತೆ ಕಿತ್ತು ಬಂದಿತ್ತು. ಹಾಕಿಸಿ ಎಂಟು ತಿಂಗಳಾಗಿತ್ತಂತೆ. ಅದು ತಾತ್ಕಾಲಿಕ, ಹದಿನೈದು ದಿನ ಬಿಟ್ಟು ಬಂದು ಗಟ್ಟಿಯದ್ದು ಹಾಕಿಸಿಕೋ ಅಂತ ಡಾಕ್ಟ್ರು ಹೇಳಿ ಕಳಿಸಿದ್ರಂತೆ. ನೋವು ಹೋಗಿತ್ತು, ಇವನೂ ಮರೆತಿದ್ದ.

ವಾಪಸ್ ಬರುವಾಗ ಬಸ್ಸಲ್ಲಿ ನಮ್ಮ ಚರ್ಚೆ ಶುರುವಾಯ್ತು. ತೂತಿಗೆ ಏನೋ ಒಂದು ತುಂಬಿದ್ರೆ ಮುಗೀತು, ಅದು ಯಾಕೆ ಬೀಳ್ಬೇಕು? ಬಿದ್ದದ್ದು ಹಾಕಿದ ವಸ್ತುವಿನ ತಪ್ಪಾ, ಕೊರೆದ ತೂತಿನ ತಪ್ಪಾ, ಜಗಿದವನ ತಪ್ಪಾ? ಇದನ್ನ ಯಾರಾದ್ರೂ ಲೆಕ್ಕ ಹಾಕಿ ನೋಡಿದಾರಾ? ಹುಡುಕ್ತಾ ಹೋದಾಗ ಸಿಕ್ಕ ಹೆಸರು ಗ್ರೀನ್ ವರ್ಡಿಮನ್ ಬ್ಲ್ಯಾಕ್. ಡೆಂಟಲ್ ಓದುವ ನಮ್ಮ ಗೆಳೆಯರಿಗೆ ಈ ಹೆಸರು ನಮಗೆ ನ್ಯೂಟನ್ ಇದ್ದ ಹಾಗೆ. ಆದರೆ ಅವರ ಬದುಕು ಓದಿದ ಮೇಲೆ ನಮಗನಿಸಿದ್ದು, ಈ ಮನುಷ್ಯ ನಮ್ಮ ಕಡೆಯವರು, ಇಂಜಿನಿಯರಿಂಗ್ ಕಡೆಯವರು ಅಂತ.

ಶಾಲೆಗೆ ಸರಿಯಾಗಿ ಹೋಗದ ಹುಡುಗ

ಬ್ಲ್ಯಾಕ್ ಹುಟ್ಟಿದ್ದು 1836ರ ಆಗಸ್ಟ್ 3ರಂದು, ಅಮೆರಿಕದ ಇಲಿನಾಯ್ ರಾಜ್ಯದ ವಿಂಚೆಸ್ಟರ್ ಹತ್ತಿರದ ಒಂದು ಹೊಲದ ಮನೆಯಲ್ಲಿ. ಹುಡುಗನಿಗೆ ಶಾಲೆ ಅಷ್ಟಾಗಿ ಒಗ್ಗಲಿಲ್ಲ. ಕಾಡು, ಹಳ್ಳ, ಪ್ರಾಣಿ, ಮರಗೆಲಸ ಇವುಗಳ ನಡುವೆಯೇ ಬೆಳೆದ. ಹದಿನೇಳನೇ ವಯಸ್ಸಿಗೆ ವೈದ್ಯನಾಗಿದ್ದ ಅಣ್ಣ ಥಾಮಸ್‌ನ ಬಳಿ ಹೋಗಿ ವೈದ್ಯಕೀಯ ಕಲಿಯೋಕೆ ಶುರು ಮಾಡಿದ. ಆಗಿನ ಕಾಲಕ್ಕೆ ಅದು ಕಾಲೇಜಲ್ಲ. ಅಣ್ಣನ ಪುಸ್ತಕ ಓದೋದು, ರೋಗಿ ನೋಡುವಾಗ ಪಕ್ಕದಲ್ಲಿ ನಿಲ್ಲೋದು, ಅಷ್ಟೇ.

1857ರಲ್ಲಿ ಮೌಂಟ್ ಸ್ಟರ್ಲಿಂಗ್ ಎಂಬ ಊರಿನ ದಂತವೈದ್ಯ ಸ್ಪಿಯರ್ ಅವರ ಬಳಿ ಕೆಲವು ತಿಂಗಳು ಶಿಷ್ಯನಾಗಿ ಕಳೆದರು. ಕಾಲದ ಅಂದಾಜಿಗೆ ಹೇಳೋದಾದರೆ, ಅಲೆಕ್ಸಾಂಡರ್ ಗ್ರೀನ್‌ಲಾ ದೊಡ್ಡ ಕ್ಯಾಮೆರಾ ಹೊತ್ತು ತಂದು ಹಂಪಿಯ ಪಾಳು ಗುಡಿಗಳ ಫೋಟೋ ತೆಗೆದು ಆಗಿನ್ನೂ ಒಂದೇ ವರ್ಷವಾಗಿತ್ತು. ಆ ಕೆಲವು ತಿಂಗಳ ಕಲಿಕೆಯೇ ಬ್ಲ್ಯಾಕ್ ಅವರ ಡೆಂಟಲ್ ಶಿಕ್ಷಣ. ಅದನ್ನೇ ಬಂಡವಾಳ ಮಾಡಿಕೊಂಡು ವಿಂಚೆಸ್ಟರಿನಲ್ಲಿ ಹಲ್ಲಿನ ಕೆಲಸ ಆರಂಭಿಸಿದರು.

ನಡುವೆ ಅಮೆರಿಕದ ಅಂತರ್ಯುದ್ಧ ಬಂತು. ಬ್ಲ್ಯಾಕ್ ಉತ್ತರದವರ ಸೇನೆಗೆ ಸೇರಿ ಮುಂದೆ ಹೋಗಿ ಸುಳಿವು ತರುವ ಸ್ಕೌಟ್ ಕೆಲಸ ಮಾಡಿದರು. ಮಂಡಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿ, ಸೇನೆ ಬಿಟ್ಟು ಬಂದರು. 1864ರಲ್ಲಿ ಜಾಕ್ಸನ್‌ವಿಲ್ ಎಂಬ ಊರಿಗೆ ಹೋಗಿ ನೆಲೆಸಿದರು. ಮುಂದಿನ ಮೂವತ್ತಕ್ಕೂ ಹೆಚ್ಚು ವರ್ಷ ಅದೇ ಅವರ ಊರು, ಅದೇ ಅವರ ಕ್ಲಿನಿಕ್, ಅದೇ ಅವರ ಲ್ಯಾಬು. ರಸಾಯನಶಾಸ್ತ್ರ ತಾವೇ ಓದಿ ಕಲಿತರು. ಸೂಕ್ಷ್ಮದರ್ಶಕ ತಂದು ಅದರ ಕೆಲಸ ಕಲಿತರು. ಆಗ ಒಳ್ಳೆಯ ವಿಜ್ಞಾನವೆಲ್ಲ ಜರ್ಮನ್ ಭಾಷೆಯಲ್ಲಿ ಬರ್ತಿತ್ತು ಅಂತ ಜರ್ಮನ್ ಕೂಡ ಕಲಿತರು. ನಾವು ಒಂದು ಆನ್‌ಲೈನ್ ಕೋರ್ಸ್ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಸೇರ್ತೀವಲ್ಲ, ಅವರು ಹಾಗೆ ಬಿಟ್ಟವರಲ್ಲ.

ಆಗ ಹಲ್ಲು ತುಂಬೋದು ಅಂದ್ರೆ ಏನಿತ್ತು

ಬ್ಲ್ಯಾಕ್ ಕೆಲಸ ಆರಂಭಿಸಿದಾಗ ಹುಳುಕು ಹಲ್ಲಿಗೆ ಇದ್ದ ದಾರಿ ಮೂರು. ಒಂದು, ಕಿತ್ತು ಹಾಕೋದು. ಎರಡು, ಚಿನ್ನದ ತೆಳು ಹಾಳೆಯನ್ನ ತೂತಿನಲ್ಲಿಟ್ಟು ಚೂರುಚೂರಾಗಿ ಕುಟ್ಟಿ ಕೂರಿಸೋದು. ಇದು ಗಂಟೆಗಟ್ಟಲೆ ಹಿಡಿಯುವ ಕೆಲಸ, ಖರ್ಚೂ ಜಾಸ್ತಿ, ಉಳ್ಳವರಿಗೆ ಮಾತ್ರ. ಮೂರನೆಯದು ಅಮಾಲ್ಗಮ್. ಅಂದರೆ ಬೆಳ್ಳಿಯ ಪುಡಿಗೆ ಪಾದರಸ ಹಾಕಿ ಅರೆದು, ಮೆತ್ತಗಿರುವಾಗಲೇ ತೂತಿಗೆ ಒತ್ತಿ ಬಿಡೋದು. ಆಮೇಲೆ ತಾನೇ ಗಟ್ಟಿಯಾಗ್ತದೆ. ಅಗ್ಗ, ಬೇಗ.

ಆದರೆ ಅಮಾಲ್ಗಮ್‌ಗೆ ಕೆಟ್ಟ ಹೆಸರಿತ್ತು. 1830ರ ದಶಕದಲ್ಲಿ ಕ್ರಾಕೂರ್ ಸಹೋದರರು ಅದನ್ನು ದೊಡ್ಡ ಹೆಸರಿಟ್ಟು ಅಮೆರಿಕಕ್ಕೆ ತಂದು, ಹುಳುಕನ್ನೂ ಸರಿಯಾಗಿ ತೆಗೆಯದೆ ಸಿಕ್ಕವರ ಬಾಯಿಗೆಲ್ಲ ತುಂಬಿ ದುಡ್ಡು ಮಾಡಿದ್ದರು. ನಾಣ್ಯದ ಬೆಳ್ಳಿ ಉಜ್ಜಿ ತೆಗೆದ ಪುಡಿಯೇ ಅವರ ಕಚ್ಚಾ ಮಾಲು. ಇದರಿಂದ ರೇಗಿದ ಅಲ್ಲಿನ ದಂತವೈದ್ಯರ ಸಂಘ 1840ರ ದಶಕದಲ್ಲಿ, ಅಮಾಲ್ಗಮ್ ಮುಟ್ಟುವುದಿಲ್ಲ ಅಂತ ಸದಸ್ಯರಿಂದ ಸಹಿ ಹಾಕಿಸಿಕೊಂಡಿತು. ಸಹಿ ಹಾಕದವರು ಹೊರಗೆ. ಜಗಳ ಬೆಳೆದು ಬೆಳೆದು 1856ರಲ್ಲಿ ಆ ಸಂಘವೇ ಮುಚ್ಚಿಹೋಯ್ತು. ಚರಿತ್ರೆಯಲ್ಲಿ ಇದಕ್ಕೆ ಅಮಾಲ್ಗಮ್ ಯುದ್ಧ ಅಂತಲೇ ಹೆಸರು.

ಯುದ್ಧದಲ್ಲಿ ಎರಡೂ ಕಡೆಯವರು ಅಭಿಪ್ರಾಯ ಹೇಳಿದರೇ ಹೊರತು, ಅಳೆದು ನೋಡಿದವರು ಕಡಿಮೆ. ಆ ಅಳತೆಯ ಕೆಲಸಕ್ಕೆ ಕೈ ಹಾಕಿದವರು ಬ್ಲ್ಯಾಕ್.

ಹಂಪಿಯ ಬೆಣೆ, ಬ್ಲ್ಯಾಕ್‌ನ ಬೆಳ್ಳಿ

ಹಂಪಿಗೆ ಹೋದವರೆಲ್ಲ ಇದನ್ನ ನೋಡಿರ್ತೀರಿ. ದೊಡ್ಡ ಬಂಡೆಗಳ ಮೇಲೆ ಸಾಲಾಗಿ ಒಂದೇ ಅಳತೆಯ ಚೌಕ ತೂತುಗಳು. ಆ ತೂತುಗಳಿಗೆ ಒಣ ಮರದ ಬೆಣೆ ಬಡಿದು ನೀರು ಹಾಕ್ತಿದ್ರು, ಮರ ಉಬ್ಬಿ ಬಂಡೆ ಸೀಳ್ತಿತ್ತು ಅಂತ ಗೈಡ್‌ಗಳು ಹೇಳ್ತಾರೆ. ಗ್ರಾನೈಟ್ ಎಷ್ಟೇ ಗಟ್ಟಿ ಇರಲಿ, ಒಳಗಿನಿಂದ ಒತ್ತಡ ಬಂದರೆ ಬಿರುಕು ಬಿಡಲೇಬೇಕು.

ಹಲ್ಲೂ ಹಾಗೇ. ಅದರ ಮೇಲ್ಪದರ ಎನಾಮೆಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು, ಆದರೆ ಪೆಡಸು. ತುಂಬಿದ ಲೋಹ ಗಟ್ಟಿಯಾಗುವಾಗ ಉಬ್ಬಿದರೆ ಹಂಪಿಯ ಬೆಣೆ ಥರ ಹಲ್ಲನ್ನೇ ಸೀಳಬಹುದು, ಇಲ್ಲಾಂದ್ರೆ ತೂತಿನಿಂದ ಮೇಲೆದ್ದು ನಿಲ್ಲಬಹುದು. ಕುಗ್ಗಿದರೆ ಹಲ್ಲಿಗೂ ಲೋಹಕ್ಕೂ ನಡುವೆ ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ಎಂಜಲು, ಬ್ಯಾಕ್ಟೀರಿಯಾ ಇಳಿದು ಒಳಗೊಳಗೇ ಮತ್ತೆ ಹುಳುಕು. ಮೇಲಿಂದ ನೋಡಿದ್ರೆ ಎಲ್ಲ ಸರಿಯಾಗೇ ಕಾಣ್ತದೆ.

ಅಮಾಲ್ಗಮ್ ಗಾತ್ರ ಬದಲಾಗೋದು ಯಾಕೆ? ಪಾದರಸ ಬೆಳ್ಳಿ-ತವರದ ಕಣಗಳ ಮೇಲ್ಮೈಯನ್ನ ಕರಗಿಸಿಕೊಳ್ಳುವಾಗ ಮುದ್ದೆ ಸ್ವಲ್ಪ ಕುಗ್ತದೆ. ಆಮೇಲೆ ಹೊಸ ಸಂಯುಕ್ತಗಳ ಹರಳು ಹುಟ್ಟಿ, ಬೆಳೆದು, ಒಂದಕ್ಕೊಂದು ತಳ್ಳುವಾಗ ಉಬ್ತದೆ. ಎರಡರಲ್ಲಿ ಯಾವುದು ಗೆಲ್ಲುತ್ತೆ ಅನ್ನೋದು ಮಿಶ್ರಲೋಹದ ಪಾಕದ ಮೇಲೆ ನಿಂತಿದೆ. ಆಗ ಒಬ್ಬೊಬ್ಬ ತಯಾರಕನದ್ದೂ ಒಂದೊಂದು ಪಾಕ.

ಬ್ಲ್ಯಾಕ್ ಮೈಕ್ರೋಮೀಟರ್‌ಗಳನ್ನ ಕೂರಿಸಿಕೊಂಡು ಒಂದೊಂದೇ ಪಾಕ ಮಾಡಿ, ತುಂಬಿ, ದಿನಗಟ್ಟಲೆ ಅಳೆದರು. ತವರ ಜಾಸ್ತಿಯಾದರೆ ಕುಗ್ಗೋದು, ಬೆಳ್ಳಿ ಜಾಸ್ತಿಯಾದರೆ ಉಬ್ಬೋದು ಕಂಡಿತು. ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಬೆಳ್ಳಿ, ಕಾಲು ಪಾಲಿಗಿಂತ ತುಸು ಜಾಸ್ತಿ ತವರ, ಉಳಿದದ್ದು ಸ್ವಲ್ಪ ತಾಮ್ರ, ಚೂರು ಸತು. ಇದು ಅವರು ತಲುಪಿದ ಹದ. ಇಪ್ಪತ್ತನೇ ಶತಮಾನದ ಬಹುಭಾಗ ಜಗತ್ತಿನ ಬಾಯಿಗಳಿಗೆ ಹೋದ ಬೆಳ್ಳಿ ಫಿಲ್ಲಿಂಗು ಈ ಹದದ ಆಸುಪಾಸಿನದ್ದೇ.

ಮೆಟೀರಿಯಲ್ ಸೈನ್ಸ್ ಓದಿದವರಿಗೆ ಇನ್ನೆರಡು ಸಂಗತಿ. ಒಂದೇ ಗಟ್ಟಿಯಿಂದ ಹೊಸದಾಗಿ ಉಜ್ಜಿದ ಪುಡಿ ಒಂದು ಥರ ವರ್ತಿಸ್ತದೆ, ಅದೇ ಪುಡಿ ಇಟ್ಟು ಹಳತಾದರೆ ಅಥವಾ ಹದವಾಗಿ ಕಾಯಿಸಿದರೆ ಬೇರೆ ಥರ ಅನ್ನೋದನ್ನ ಬ್ಲ್ಯಾಕ್ ಗುರುತಿಸಿದರು. ನಾವು ಲ್ಯಾಬಿನಲ್ಲಿ ಅನೀಲಿಂಗ್ ಅಂತ ಮಾಡೋದು ಇದನ್ನೇ. ಎರಡನೆಯದು, ಗಟ್ಟಿಯಾದ ಅಮಾಲ್ಗಮ್ ಕೂಡ ಮೇಲಿನ ಭಾರಕ್ಕೆ ನಿಧಾನವಾಗಿ ಹರೀತದೆ ಅಂತ ತೋರಿಸಿದರು. ಅಂದರೆ ನಮ್ಮ ಪರೀಕ್ಷೆಯಲ್ಲಿ ಬರುವ ಕ್ರೀಪ್‌ನ ಹತ್ತಿರದ ಸಂಬಂಧಿ. ಹಾಗಾದರೆ ಹಲ್ಲಿನ ಮೇಲೆ ಬೀಳುವ ಭಾರ ಎಷ್ಟು? ಅದಕ್ಕೂ ಒಂದು ಉಪಕರಣ ಮಾಡಿ, ಜನರಿಂದ ಕಚ್ಚಿಸಿ ಅಳೆದರು. ದವಡೆ ಹಲ್ಲಿನಲ್ಲಿ ಅದು ಹತ್ತಾರು ಕಿಲೋ. ಕಬ್ಬು ಸಿಗಿಯುವವನ ಬಾಯಲ್ಲಿ ಫಿಲ್ಲಿಂಗು ಒಂದು ಸಣ್ಣ ಸೇತುವೆಯಷ್ಟೇ ಕಷ್ಟಪಡ್ತದೆ ಅಂತಾಯ್ತು.

ಈ ಅಳತೆಗಳನ್ನೆಲ್ಲ 1895 ಮತ್ತು 1896ರಲ್ಲಿ ಆ ಕಾಲದ ಮುಖ್ಯ ದಂತವೈದ್ಯ ಪತ್ರಿಕೆ ಡೆಂಟಲ್ ಕಾಸ್ಮಾಸ್‌ನಲ್ಲಿ ಎಲ್ಲರೂ ಓದುವ ಹಾಗೆ ಅಚ್ಚು ಹಾಕಿಸಿದರು. ಅಮಾಲ್ಗಮ್ ಒಳ್ಳೆಯದೋ ಕೆಟ್ಟದೋ ಅನ್ನೋ ಐವತ್ತು ವರ್ಷದ ಜಗಳ, ಯಾವ ಅಮಾಲ್ಗಮ್ ಎಷ್ಟು ಉಬ್ತದೆ ಅನ್ನೋ ಪ್ರಶ್ನೆಯಾಗಿ ಬದಲಾಯ್ತು. ಸಂಡೂರಿನ ಗಣಿ ಕಡೆಯಿಂದ ಬರುವ ನಮ್ಮ ಗೆಳೆಯರಿಗೆ ಇದು ಚೆನ್ನಾಗಿ ಗೊತ್ತು. ಅದಿರು ಒಳ್ಳೇದು ಅಂದ್ರೆ ಯಾರೂ ಕೊಳ್ಳಲ್ಲ, ಎಷ್ಟು ಪರ್ಸೆಂಟ್ ಅಂತ ಕೇಳ್ತಾರೆ.

ತೂತಿಗೂ ಒಂದು ಡ್ರಾಯಿಂಗ್

ವಸ್ತು ಸರಿಯಾದ ಮೇಲೆ ಉಳಿದದ್ದು ತೂತು. ಹುಳುಕು ತೆಗೆದರೆ ಸಿಗೋದು ಬಟ್ಟಲಿನ ಥರ ದುಂಡಗಿನ ಕುಳಿ. ಅದಕ್ಕೆ ಅಮಾಲ್ಗಮ್ ತುಂಬಿದರೆ ಜಗಿದಾಗ ಅಲುಗಾಡಿ ಎದ್ದು ಬರ್ತದೆ. ಯಾಕಂದ್ರೆ ಅಮಾಲ್ಗಮ್ ಹಲ್ಲಿಗೆ ಅಂಟಲ್ಲ, ಸುಮ್ನೆ ಒಳಗೆ ಕೂತಿರ್ತದೆ. ಹಾಗಾಗಿ ಕುಳಿಯ ತಳ ಸಮತಟ್ಟಾಗಿರಬೇಕು, ಗೋಡೆಗಳು ನೆಟ್ಟಗಿರಬೇಕು, ಒಳಗೆ ಹೋದಂತೆ ತುಸು ಅಗಲವಾಗಬೇಕು ಅಂತ ಬ್ಲ್ಯಾಕ್ ವಿಧಿಸಿದರು. ನಮ್ಮ ಬಡಗಿಗಳು ಬಾಗಿಲ ಚೌಕಟ್ಟು ಜೋಡಿಸುವಾಗ ತುದಿ ಅಗಲ ಮಾಡಿ ಬಿಗಿ ಕೂರಿಸ್ತಾರಲ್ಲ, ಅದೇ ಲೆಕ್ಕ.

ಕೆಲಸಕ್ಕೊಂದು ಕ್ರಮವನ್ನೂ ಹಾಕಿಕೊಟ್ಟರು. ಮೊದಲು ಹೊರ ಗೆರೆ ನಿಗದಿ ಮಾಡು. ಭಾರ ತಡೆಯುವ ಆಕಾರ ಕೊಡು. ಬೀಳದಂತೆ ಹಿಡಿಯುವ ಆಕಾರ ಕೊಡು. ಕೈ, ಉಪಕರಣ ಒಳಗೆ ಹೋಗಲು ಅನುಕೂಲ ಮಾಡಿಕೋ. ಉಳಿದ ಹುಳುಕು ತೆಗೆ. ಎನಾಮೆಲ್ ಅಂಚು ನಯ ಮಾಡು. ಕೊನೆಗೆ ತೊಳೆದು ಒಣಗಿಸು. ಡಿಸೈನ್ ಮೊದಲು, ತಯಾರಿಕೆ ಆಮೇಲೆ, ಇನ್ಸ್‌ಪೆಕ್ಷನ್ ಕೊನೆಗೆ. ನಮ್ಮ ಮಷೀನ್ ಡ್ರಾಯಿಂಗ್ ಮೇಷ್ಟ್ರು ಕಂಡಿದ್ರೆ ಖುಷಿಪಡ್ತಿದ್ರು.

ಹುಳುಕು ಹಲ್ಲಿನ ಯಾವ ಭಾಗದಲ್ಲಿದೆ ಅನ್ನೋದರ ಮೇಲೆ ಐದು ವರ್ಗ ಮಾಡಿದರು. ದವಡೆ ಹಲ್ಲಿನ ಮೇಲಿನ ಗೆರೆ, ಗುಂಡಿಗಳಲ್ಲಿ ಆದದ್ದು ಮೊದಲ ವರ್ಗ. ಹಿಂದಿನ ಎರಡು ಹಲ್ಲುಗಳ ಸಂದಿನಲ್ಲಿ ಆದದ್ದು ಎರಡನೆಯದು. ಮುಂದಿನ ಹಲ್ಲಿನ ಸಂದಿನದ್ದು ಮೂರು, ಅದರ ಮೂಲೆಯೂ ಹೋದರೆ ನಾಲ್ಕು. ಒಸಡಿನ ಅಂಚಿನದ್ದು ಐದು. ಇವತ್ತು ಹೊಸಪೇಟೆಯ ಯಾವ ಕ್ಲಿನಿಕ್ಕಿಗೆ ಹೋದರೂ ಡಾಕ್ಟರು ನಿಮ್ಮ ಹಲ್ಲು ನೋಡಿ ಕ್ಲಾಸ್ ಟೂ ಅಂತೇನಾದರೂ ಅಂದ್ರೆ, ಅದು ಬ್ಲ್ಯಾಕ್ ಅವರು ಕೊಟ್ಟ ನಂಬರ್.

ಉಪಕರಣಗಳಿಗೂ ನಂಬರ್ ಕೊಟ್ಟರು. ಅಲಗಿನ ಅಗಲ ಮಿಲಿಮೀಟರಿನ ಹತ್ತನೇ ಒಂದರಲ್ಲಿ, ಉದ್ದ ಮಿಲಿಮೀಟರಿನಲ್ಲಿ, ಬಾಗಿದ ಕೋನ ಒಂದು ಸುತ್ತನ್ನು ನೂರು ಭಾಗ ಮಾಡಿದ ಲೆಕ್ಕದಲ್ಲಿ. ಮೂರು ಅಂಕಿ ಹಿಡಿಯ ಮೇಲೆ ಕೆತ್ತಿಬಿಟ್ಟರೆ ಯಾವ ದೇಶದ ಕಾರ್ಖಾನೆಯೂ ಅದೇ ಉಪಕರಣ ಮಾಡಿ ಕೊಡಬಹುದು. ಎಂ12 ಬೋಲ್ಟ್ ಕೊಡಿ ಅಂತ ನಾವು ಅಂಗಡಿಯಲ್ಲಿ ಕೇಳ್ತೀವಲ್ಲ, ಆ ಥರ.

ಡ್ರಿಲ್ಲಿನ ಕಥೆಯೂ ಇದೇ ಕಾಲದ್ದು. 1871ರಲ್ಲಿ ಜೇಮ್ಸ್ ಮಾರಿಸನ್ ಎಂಬುವರು ಕಾಲಲ್ಲಿ ತುಳಿಯುವ ಡ್ರಿಲ್ಲಿಗೆ ಪೇಟೆಂಟ್ ಪಡೆದರು. ಬ್ಲ್ಯಾಕ್ ಕೂಡ ಅದೇ ಹೊತ್ತಿನಲ್ಲಿ ತಮ್ಮದೇ ಕಾಲುಯಂತ್ರ ಮಾಡಿಕೊಂಡಿದ್ದರು. ಟೈಲರ್ ಅಂಗಡಿಯ ಹೊಲಿಗೆ ಯಂತ್ರ ನೆನಪಿಸಿಕೊಳ್ಳಿ. ಪೆಡಲು, ಚಕ್ರ, ಹಗ್ಗ, ತುದಿಯಲ್ಲಿ ಸೂಜಿಯ ಬದಲು ಕೊರೆಯುವ ಮೊನೆ. ನಿಮಿಷಕ್ಕೆ ಸುಮಾರು ಎರಡು ಸಾವಿರ ಸುತ್ತು. ಇವತ್ತಿನ ಗಾಳಿಯ ಡ್ರಿಲ್ಲು ಮೂರು ಲಕ್ಷ ಸುತ್ತು ದಾಟ್ತದೆ. ಆಗ ರೋಗಿ ಎಷ್ಟು ಹೊತ್ತು ಕೂರಬೇಕಿತ್ತು ಅನ್ನೋದನ್ನ ನೀವೇ ಊಹಿಸಿ.

ನಮ್ಮ ಮನೆತನದ ಹಲ್ಲೇ ಮೆತ್ತಗೆ ಅನ್ನೋರಿಗೆ

ಬ್ಲ್ಯಾಕ್ ಮಾಡಿದ ಇನ್ನೊಂದು ಕೆಲಸ ನಮಗೆಲ್ಲ ಹತ್ತಿರದ್ದು. ಅಪ್ಪನಿಗೂ ಹಲ್ಲು ಹುಳುಕು, ಅಜ್ಜನಿಗೂ ಹುಳುಕು, ನಮ್ಮ ಮನೆತನದ ಹಲ್ಲೇ ಮೆತ್ತಗೆ ಅಂತ ಹೇಳಿ ಕೈ ಬಿಡೋರು ನಮ್ಮಲ್ಲೂ ಎಷ್ಟೋ ಜನ ಇದಾರೆ. ಬ್ಲ್ಯಾಕ್ ಕಾಲದಲ್ಲಿ ವೈದ್ಯರೇ ಹಾಗೆ ನಂಬಿದ್ದರು. ಮೆತ್ತನೆ ಹಲ್ಲಿಗೆ ಫಿಲ್ಲಿಂಗ್ ಹಾಕಿ ಏನು ಪ್ರಯೋಜನ ಅಂತ ಕಿತ್ತುಬಿಡೋರು.

ಬ್ಲ್ಯಾಕ್ ಚೆನ್ನಾಗಿದ್ದ ಹಲ್ಲು, ಹುಳುಕು ಬಿದ್ದ ಹಲ್ಲು ಎರಡನ್ನೂ ತಂದು ಸಾಂದ್ರತೆ ಅಳೆದರು, ಸುಣ್ಣದ ಅಂಶ ಅಳೆದರು, ಭಾರ ಹಾಕಿ ಒಡೆದು ಬಲ ಅಳೆದರು. ವ್ಯತ್ಯಾಸ ನಗಣ್ಯ. ಹುಳುಕಿಗೆ ಕಾರಣ ಹಲ್ಲಿನ ಒಳಗಿಲ್ಲ, ಹಲ್ಲಿನ ಸುತ್ತ ಇದೆ ಅನ್ನೋದು 1895ರ ಆ ಲೇಖನದ ಸಾರ. ಅಷ್ಟು ಹೊತ್ತಿಗೆ ಬರ್ಲಿನ್‌ನಲ್ಲಿದ್ದ ಅಮೆರಿಕನ್ ವಿಜ್ಞಾನಿ ವಿಲಬಿ ಮಿಲ್ಲರ್ 1890ರಲ್ಲಿ, ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ, ಹಿಟ್ಟಿನ ಅಂಶ ತಿಂದು ಬಿಡುವ ಆಮ್ಲವೇ ಹಲ್ಲನ್ನ ಕರಗಿಸ್ತದೆ ಅಂತ ತೋರಿಸಿದ್ದರು. ಆ ಬ್ಯಾಕ್ಟೀರಿಯಾ ಹಲ್ಲಿನ ಮೇಲೆ ಅಂಟಂಟಾದ ಪದರ ಕಟ್ಟಿಕೊಂಡು ಕೂರೋದನ್ನ 1898ರಲ್ಲಿ ವಿವರಿಸಿ, ಅದಕ್ಕೆ ಪ್ಲಾಕ್ ಎಂಬ ಹೆಸರು ಬಳಸಿದವರು ಬ್ಲ್ಯಾಕ್. ಟೂತ್‌ಪೇಸ್ಟ್ ಜಾಹೀರಾತಿನಲ್ಲಿ ದಿನಾ ಕೇಳುವ ಪದ ಅಲ್ಲಿಂದ ಬಂದದ್ದು.

ನಮ್ಮ ಕಡೆ ಹಲ್ಲಿಗೆ ಹುಳ ಬಿದ್ದೈತಿ ಅಂತೀವಿ. ಕಣ್ಣಿಗೆ ಕಾಣೋ ಹುಳ ಇಲ್ಲ, ಆದರೆ ಜೀವಿಗಳಂತೂ ಇವೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗೋಕೆ ಶುರು. ಪ್ರತಿ ಸಲ ಸಿಹಿ ಚಹಾ ಕುಡಿದಾಗಲೂ ಕೆಳಗಿಳಿದು, ಎಂಜಲು ಅದನ್ನ ನಿಧಾನಕ್ಕೆ ಮೇಲೆತ್ತಿ ರಿಪೇರಿ ಮಾಡ್ತದೆ. ಇಂಟರ್ನಲ್ಸ್ ಹೊತ್ತಲ್ಲಿ ಗಂಟೆಗೊಂದು ಚಹಾ, ಬಿಸ್ಕತ್ತು ಅಂತ ಕೂತರೆ ರಿಪೇರಿಗೆ ಟೈಮೇ ಸಿಗಲ್ಲ. ಎಷ್ಟು ಸಕ್ಕರೆ ಅನ್ನೋದಕ್ಕಿಂತ ದಿನಕ್ಕೆ ಎಷ್ಟು ಸಲ ಅನ್ನೋದೇ ಇಲ್ಲಿ ದೊಡ್ಡ ಲೆಕ್ಕ.

ಡೀನ್ ಆದ ಮೇಲೂ ಹೊಸ ಪ್ರಶ್ನೆ

ಡೆಂಟಲ್ ಕಾಲೇಜಿನ ಮೆಟ್ಟಿಲು ವಿದ್ಯಾರ್ಥಿಯಾಗಿ ಹತ್ತದ ಬ್ಲ್ಯಾಕ್ 1870ರಿಂದಲೇ ಸೇಂಟ್ ಲೂಯಿಸ್‌ನ ಮಿಸೌರಿ ಡೆಂಟಲ್ ಕಾಲೇಜಿನಲ್ಲಿ ಪಾಠ ಮಾಡಿದರು. ಅದೇ ಕಾಲೇಜು ಅವರಿಗೆ ಗೌರವ ಪದವಿ ಕೊಟ್ಟಿತು. 1897ರಲ್ಲಿ ಶಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಡೆಂಟಲ್ ಶಾಲೆಗೆ ಡೀನ್ ಆದರು. ಕೊನೆವರೆಗೂ ಅಲ್ಲೇ ಇದ್ದರು. 1908ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಹಲ್ಲು ತುಂಬುವ ವಿದ್ಯೆಯನ್ನೆಲ್ಲ ಎರಡು ಸಂಪುಟಗಳ ಆಪರೇಟಿವ್ ಡೆಂಟಿಸ್ಟ್ರಿ ಎಂಬ ಗ್ರಂಥವಾಗಿ ಕೊಟ್ಟರು. 1910ರಲ್ಲಿ ಮಿಲ್ಲರ್ ಹೆಸರಿನ ಅಂತರರಾಷ್ಟ್ರೀಯ ಬಹುಮಾನ ಮೊದಲ ಬಾರಿಗೆ ಸಿಕ್ಕಿದ್ದು ಇವರಿಗೇ.

ಇಲ್ಲಿಗೆ ನಿಲ್ಲಿಸಿ ಆರಾಮಾಗಿ ಇರಬಹುದಿತ್ತು. ಆದರೆ 1909ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯನ ಕರೆಗೆ ಓಗೊಟ್ಟು ಕೊಲೊರಾಡೋಗೆ ಹೋದರು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಕಂದು ಕಲೆ. ತಿಕ್ಕಿದರೆ ಹೋಗಲ್ಲ. ಬ್ಲ್ಯಾಕ್ ಆ ಹಲ್ಲುಗಳನ್ನ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಮೇಲೆ ಮೆತ್ತಿದ ಕೊಳೆಯಲ್ಲ, ಎನಾಮೆಲ್ ರೂಪುಗೊಳ್ಳುವಾಗಲೇ ಆದ ದೋಷ ಅಂತ ಕಂಡುಕೊಂಡರು. ವಿಚಿತ್ರ ಅಂದರೆ, ನೋಡೋಕೆ ಅಷ್ಟು ಕೆಟ್ಟದಾಗಿದ್ದ ಆ ಹಲ್ಲುಗಳಿಗೆ ಹುಳುಕು ಹೆಚ್ಚಾಗಿ ಹತ್ತಿರಲಿಲ್ಲ. ನೀರಿನಲ್ಲೇ ಏನೋ ಇದೆ ಅನ್ನೋ ಅನುಮಾನ ಬಂತು, ಉತ್ತರ ಸಿಗಲಿಲ್ಲ. 1915ರ ಆಗಸ್ಟ್ 31ರಂದು, ಎಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಬ್ಲ್ಯಾಕ್ ತೀರಿಕೊಂಡರು. ಆ ಅಧ್ಯಯನ ಅಚ್ಚಾಗಿದ್ದು ಮರುವರ್ಷ. ಕೊನೆಗೆ 1931ರಲ್ಲಿ ಒಂದು ಅಲ್ಯೂಮಿನಿಯಂ ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಚರ್ಚಿಲ್, ಅಂಥದೇ ಕಲೆ ಕಂಡ ಇನ್ನೊಂದು ಊರಿನ ನೀರು ಪರೀಕ್ಷಿಸಿ ಕಾರಣ ಹಿಡಿದರು. ಅದು ಫ್ಲೋರೈಡ್.

ಈ ಕಥೆ ಇಲ್ಲಿಂದ ದೂರದ್ದಲ್ಲ. ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು ಸೀಮೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಈ ಕಡೆಯ ಗ್ರಾನೈಟ್ ಬಂಡೆಗಳಲ್ಲಿರುವ ಖನಿಜ ನಿಧಾನಕ್ಕೆ ಆಳದ ನೀರಿಗೆ ಕರಗಿ ಸೇರ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನ್ನೋದು ಭಾರತೀಯ ಮಾನಕ. ಅದನ್ನ ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಬಿಳಿ, ಕಂದು ಪಟ್ಟೆ ಬೀಳ್ತದೆ. ನಮ್ಮ ಕ್ಲಾಸಿನಲ್ಲೇ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯೋ ಗೆಳೆಯರಿದಾರೆ. ಅವರು ಹಲ್ಲುಜ್ಜದೆ ಹಾಗಾದದ್ದಲ್ಲ, ಅದು ಅವರ ಊರಿನ ನೀರು. ಇದನ್ನ ತಿಳಿಯದೆ ತಮಾಷೆ ಮಾಡಿದವರಲ್ಲಿ ನಾವೂ ಇದ್ವಿ, ಈಗ ನಾಚಿಕೆಯಾಗ್ತದೆ. ಅದೇ ಫ್ಲೋರೈಡ್ ಹದ ಪ್ರಮಾಣದಲ್ಲಿ ಎನಾಮೆಲ್ ಗಟ್ಟಿ ಮಾಡಿ ಹುಳುಕು ತಡೀತದೆ, ಹಾಗಾಗಿಯೇ ಟೂತ್‌ಪೇಸ್ಟಿನಲ್ಲಿ ಇರ್ತದೆ. ಬೆಳ್ಳಿ-ತವರದ ಲೆಕ್ಕದ ಹಾಗೆ ಇಲ್ಲೂ ಪ್ರಶ್ನೆ ಎಷ್ಟು ಅನ್ನೋದೇ.

ಬ್ಲ್ಯಾಕ್ ಎಲ್ಲಿ ಹಳತಾದರು

ಬ್ಲ್ಯಾಕ್ ಹೇಳಿದ್ದೆಲ್ಲ ಇವತ್ತಿಗೂ ನಿಂತಿಲ್ಲ. ಹುಳುಕು ಇಷ್ಟೇ ಇದ್ದರೂ ಸುತ್ತಲಿನ ಒಳ್ಳೆ ಹಲ್ಲನ್ನೂ ಒಂದಿಷ್ಟು ಕೊರೆದು, ಉಜ್ಜಿದರೆ ಸ್ವಚ್ಛವಾಗುವ ಜಾಗದವರೆಗೆ ಕುಳಿ ಹಿಗ್ಗಿಸಬೇಕು ಅನ್ನೋದು ಅವರ ನಿಯಮ. ಮತ್ತೆ ಅಂಚಿನಲ್ಲಿ ಹುಳುಕು ಹತ್ತಬಾರದು ಅನ್ನೋ ಕಾಳಜಿ. ಅಂಟದ ಲೋಹ, ಫ್ಲೋರೈಡ್ ಇಲ್ಲದ ಪೇಸ್ಟು ಇದ್ದ ಆ ಕಾಲಕ್ಕೆ ಅದು ಸರಿ. ಆದರೆ 1955ರಲ್ಲಿ ಬ್ಯುಓನೊಕೋರ್ ಎನಾಮೆಲ್‌ಗೆ ಆಮ್ಲ ತಾಗಿಸಿ ಸಣ್ಣ ಸಣ್ಣ ಗುಳಿ ಎಬ್ಬಿಸಿದರೆ ರೆಸಿನ್ ಅದಕ್ಕೆ ಗಟ್ಟಿಯಾಗಿ ಅಂಟ್ತದೆ ಅಂತ ತೋರಿಸಿದರು. 1960ರ ದಶಕದಲ್ಲಿ ರಾಫೆಲ್ ಬೋವೆನ್ ಅವರ ಕೆಲಸದಿಂದ ಹಲ್ಲಿನ ಬಣ್ಣದ ಕಾಂಪೊಸಿಟ್ ಬಂತು. ನೀಲಿ ದೀಪ ಹಿಡಿದು ಸೆಕೆಂಡುಗಳಲ್ಲಿ ಗಟ್ಟಿ ಮಾಡ್ತಾರಲ್ಲ, ಅದೇ. ಅಂಟೋ ವಸ್ತು ಬಂದ ಮೇಲೆ ಹಿಡಿತಕ್ಕಾಗಿ ಒಳ್ಳೆ ಹಲ್ಲು ಕೊರೆಯೋದು ಬೇಕಿಲ್ಲ. ಹುಳುಕು ಎಷ್ಟಿದೆಯೋ ಅಷ್ಟು ತೆಗೆದರೆ ಸಾಕು.

ಅಮಾಲ್ಗಮ್ ಕೂಡ ಹಿಂದೆ ಸರೀತಿದೆ. ಪಾದರಸ ಪರಿಸರಕ್ಕೆ ಸೇರೋದನ್ನ ತಡೆಯುವ ಮಿನಮಾಟಾ ಒಪ್ಪಂದ 2013ರಲ್ಲಿ ಆಯ್ತು. ಭಾರತ 2018ರಲ್ಲಿ ಅದನ್ನ ಅನುಮೋದಿಸಿತು. ಹಲ್ಲಿಗೆ ಪಾದರಸ ಬಳಸೋದನ್ನ ಕಡಿಮೆ ಮಾಡ್ತಾ ಹೋಗೋದು ಆ ಒಪ್ಪಂದದ ಒಂದು ಭಾಗ. ಇದರಿಂದ ಬ್ಲ್ಯಾಕ್ ಸಣ್ಣವರಾಗಲ್ಲ. ಉಬ್ಬುವಿಕೆ, ಕುಗ್ಗುವಿಕೆ, ಸಂದು, ಭಾರ ಅಂತ ಅವರು ಹಚ್ಚಿದ ಪಟ್ಟಿ ಹಿಡ್ಕೊಂಡೇ ಹೊಸ ಕಾಂಪೊಸಿಟ್‌ಗಳನ್ನೂ ಇವತ್ತು ಪರೀಕ್ಷೆ ಮಾಡೋದು. ಗಟ್ಟಿಯಾಗುವಾಗ ಕಾಂಪೊಸಿಟ್ ಕುಗ್ತದೆ. ಆ ತಲೆನೋವು ಇನ್ನೂ ಮುಗಿದಿಲ್ಲ.

ಮತ್ತೆ ನಮ್ಮ ಗೆಳೆಯ

2024ರ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದದ್ದು ಹೊಸಪೇಟೆಯಲ್ಲಿ ಯಾರಿಗೆ ಮರೆಯುತ್ತೆ? 33 ಗೇಟಿನಲ್ಲಿ ಒಂದು, ಅದರಲ್ಲೂ ಒಂದು ಚೈನು. ನೀರು ಹರೀತಿರುವಾಗಲೇ ಸ್ಟಾಪ್‌ಲಾಗ್ ಇಳಿಸಿ ತಡೆದರು. ಆದರೆ ಸ್ಟಾಪ್‌ಲಾಗ್ ತಾತ್ಕಾಲಿಕ, ಅದೇ ಗೇಟು ಅಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ನಮ್ಮ ಗೆಳೆಯನ ಬಾಯಲ್ಲಿದ್ದದ್ದೂ ಸ್ಟಾಪ್‌ಲಾಗೇ. ಅವನು ಅದನ್ನೇ ಗೇಟು ಅಂದುಕೊಂಡು ಎಂಟು ತಿಂಗಳು ಕಳೆದ. ಕಂಪ್ಲಿಯಿಂದ ಬಂದ ಮಾರನೇ ದಿನ ಕ್ಲಿನಿಕ್ಕಿಗೆ ಹೋದಾಗ ಹುಳುಕು ನರದ ತನಕ ಇಳಿದಿತ್ತು. ಅರ್ಧ ಗಂಟೆಯ ಫಿಲ್ಲಿಂಗಿನಲ್ಲಿ ಮುಗಿಯಬೇಕಾದದ್ದು ರೂಟ್ ಕೆನಾಲ್ ಆಯ್ತು. ಮೂರು ಸಲ ಓಡಾಟ, ಮೇಲೆ ಕ್ಯಾಪು, ಒಂದು ಸೆಮಿಸ್ಟರಿನ ಪಾಕೆಟ್ ಮನಿ.

ಅವನ ಜೊತೆ ಹೋದ ನಾವೂ ಕುರ್ಚಿಯಲ್ಲಿ ಕೂತು ಬಾಯಿ ತೆರೆದ್ವಿ. ನಮ್ಮಲ್ಲಿ ಇಬ್ಬರಿಗೆ ಹಿಂದಿನ ಹಲ್ಲಿನಲ್ಲಿ ಹುಳುಕು ಇತ್ತು. ನೋವೇನೂ ಇರಲಿಲ್ಲ, ಗೊತ್ತೂ ಆಗಿರಲಿಲ್ಲ. ಎನಾಮೆಲ್‌ನಲ್ಲಿ ನರ ಇರಲ್ಲ, ಹಾಗಾಗಿ ಹುಳುಕು ಸಣ್ಣದಿರುವಾಗ ನೋವು ಬರಲ್ಲ. ನೋವು ಬರುವಷ್ಟರಲ್ಲಿ ಅದು ಒಳಗೆ ಇಳಿದಿರ್ತದೆ. ಡಾಕ್ಟರು ಎರಡೂ ಕ್ಲಾಸ್ ಒನ್ ಅಂದ್ರು. ಯಾರ ಕ್ಲಾಸ್ ಅಂತ ನಮಗೆ ಗೊತ್ತಿತ್ತು. ನೀಲಿ ದೀಪ ಉರಿದು ಆರಿತು, ಸಂಜೆಯ ಲ್ಯಾಬ್ ಹೊತ್ತಿಗೆ ಕ್ಯಾಂಪಸ್ಸಿಗೆ ವಾಪಸ್ ಬಂದಿದ್ವಿ.